ಸೊನ್ನೆ ಅಂದರೆ ನೋಡು, ಒಂದು ಅಂದರೆ ಬಿಡು



ಕೈಗೆಟಕುವಂತೆ ಒಂದು ಕಾಗದ, ಒಂದು ಪೆನ್ಸಿಲ್ ಇದ್ದರೆ ಹತ್ತಿರಕ್ಕೆ ಎಳೆದುಕೊಳ್ಳಿ. ಇವತ್ತಿನ ಮಾತಿನಲ್ಲಿ ಅಂಕಿ ಹೆಚ್ಚು. ಕಣ್ಣಿಗೆ ಕಾಣದ ಅಂಕಿಯನ್ನು ಕಿವಿಯಲ್ಲಿ ಹಿಡಿಯುವುದು ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ದೊಡ್ಡ ಲೆಕ್ಕ ಏನೂ ತಂದಿಲ್ಲ. ಅರ್ಧ, ಕಾಲು, ಅರೆಕಾಲು, ವೀಸ, ಇಷ್ಟು ಬಂದರೆ ಸಾಕು. ಹಿಂದೆ ಶಾಲೆಯಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಆ ಕಾಲದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಕಂಪ್ಯೂಟರ್ ಓದುತ್ತಿರುವ ಮೊಮ್ಮಗನಿಗಿಂತ ಅವರಿಗೇ ಬೇಗ ಹೊಳೆದೀತು.

ವಿಷಯ ರೂಟರಿನದು. ಬ್ಯಾಂಕು, ಕಾಲೇಜು, ಕಚೇರಿಗಳ ಜಾಲ ಹೊರಗಿನ ಜಾಲವನ್ನು ಮುಟ್ಟುವ ಜಾಗದಲ್ಲಿ ಕೂತಿರುವ ಪೆಟ್ಟಿಗೆ ಅದು. ಯಾವ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಎತ್ತ ಹೋಗಬೇಕು ಅಂತ ದಾರಿ ತೋರಿಸುವುದು ಅದರ ಮೊದಲ ಕೆಲಸ. ಯಾವುದು ಹೋಗಕೂಡದು ಅಂತ ತಡೆಯುವುದು ಎರಡನೆಯದು. ಈ ಎರಡನೆಯ ಕೆಲಸಕ್ಕಾಗಿ ಅದರ ಕೈಗೆ ನಾವೊಂದು ಪಟ್ಟಿ ಕೊಡುತ್ತೇವೆ. ಆಕ್ಸೆಸ್ ಲಿಸ್ಟ್ ಅಂತ ಅದರ ಹೆಸರು. ಲ್ಯಾಬಿನ ಹುಡುಗರ ಬಾಯಲ್ಲಿ ಎಸಿಎಲ್. ಆ ಪಟ್ಟಿಯ ಸಾಲುಗಳಲ್ಲಿ ವಿಳಾಸದ ಬೆನ್ನಿಗೇ ಇನ್ನೊಂದು ಸಂಖ್ಯೆ ಬಾಲದ ಹಾಗೆ ಅಂಟಿಕೊಂಡಿರುತ್ತದೆ. ಅದೇ ವೈಲ್ಡ್‌ಕಾರ್ಡ್ ಮಾಸ್ಕ್. ಬಹಳ ವರ್ಷ ಈ ಕೆಲಸದಲ್ಲೇ ಇದ್ದವನು ನಾನು. ರೂಟರಿನ ಮುಂದೆ ಕೂತವರು ಎಡವುವುದು ಬಹುಪಾಲು ಈ ಬಾಲದಲ್ಲೇ. ನಾನೂ ಎಡವಿದ್ದೇನೆ. ಆ ಕಥೆ ಆಮೇಲೆ.

ಮೊದಲು ರಸ್ತೆಯ ಚೆಕ್‌ಪೋಸ್ಟ್ ಒಂದನ್ನು ನೆನೆಸಿಕೊಳ್ಳಿ. ಗೇಟಿನ ಬಳಿ ಪೇದೆ ನಿಂತಿದ್ದಾರೆ, ಕೈಯಲ್ಲಿ ಚೀಟಿ. ಕೆಎ 14ರ ಗಾಡಿಗಳನ್ನೆಲ್ಲ ಬಿಡಬೇಕು ಅಂತ ಮೇಲಿನವರ ಆದೇಶ. ಕೆಎ 14 ಅಂದರೆ ಶಿವಮೊಗ್ಗದ ನೋಂದಣಿ. ಪೇದೆ ಪ್ರತಿ ಗಾಡಿಯ ಫಲಕದಲ್ಲಿ ಆ ಮೊದಲ ತುಣುಕನ್ನಷ್ಟೇ ನೋಡುತ್ತಾರೆ. ಹಿಂದಿನ ನಾಲ್ಕು ಅಂಕಿ ಏನಾದರೂ ಇರಲಿ, ಅವರಿಗೆ ಬೇಕಾಗಿಲ್ಲ. ಅಂದರೆ ಚೀಟಿ ಎರಡು ಸಂಗತಿ ಹೇಳಬೇಕು. ಯಾವ ಸಂಖ್ಯೆಗೆ ಹೋಲಿಸಿ ನೋಡಬೇಕು ಅನ್ನುವುದು ಒಂದು. ಆ ಸಂಖ್ಯೆಯಲ್ಲಿ ಯಾವ ಭಾಗ ನೋಡಬೇಕು, ಯಾವುದನ್ನು ಕಣ್ಣೆತ್ತಿಯೂ ನೋಡಬೇಕಾಗಿಲ್ಲ ಅನ್ನುವುದು ಇನ್ನೊಂದು. ಈ ಎರಡನೆಯ ಮಾತೇ ವೈಲ್ಡ್‌ಕಾರ್ಡ್ ಮಾಸ್ಕ್.

ಜಾಲದಲ್ಲಿ ಗಾಡಿಯ ಫಲಕದ ಜಾಗದಲ್ಲಿ ಇರುವುದು ಐಪಿ ವಿಳಾಸ. 192.168.10.37 ಅಂತ ನಾಲ್ಕು ಸಂಖ್ಯೆ, ನಡುವೆ ಚುಕ್ಕಿ. ಈ ವಿಳಾಸದ ಅಳತೆ ಗೊತ್ತು ಮಾಡಿದ್ದು 1981ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಎಫ್‌ಸಿ 791 ಎಂಬ ದಾಖಲೆ. ನಮ್ಮ ಕಣ್ಣಿಗೆ ನಾಲ್ಕು ಸಂಖ್ಯೆ. ಯಂತ್ರಕ್ಕೆ 32 ಬಿಟ್. ಚೌಕಾಬಾರದ ಕವಡೆ ಅಂದುಕೊಳ್ಳಿ. ಅಂಗಾತ ಬಿದ್ದರೆ ಒಂದು, ಬೋರಲು ಬಿದ್ದರೆ ಸೊನ್ನೆ. ಎಂಟು ಕವಡೆಯ ಒಂದು ಸಾಲು, ಅಂಥವು ನಾಲ್ಕು ಸಾಲು. ಒಂದೊಂದು ಸಾಲಿನಲ್ಲೂ ಎಡದ ಕವಡೆಯ ಬೆಲೆ 128, ಅದರ ಪಕ್ಕದ್ದು 64, ಆಮೇಲೆ 32, 16, 8, 4, 2, ಕೊನೆಗೆ 1. ಎಂಟೂ ಅಂಗಾತ ಬಿದ್ದರೆ 255, ಎಂಟೂ ಬೋರಲಾದರೆ ಸೊನ್ನೆ. ಹಾಗಾಗಿ ಒಂದು ಸಾಲಿನಲ್ಲಿ 256 ಬಗೆ.

ಈಗ ಕಾಗದದ ಮೇಲೆ ಎರಡೇ ಮಾತು ಬರೆದುಕೊಳ್ಳಿ. ಸೊನ್ನೆ ಅಂದರೆ ನೋಡು. ಒಂದು ಅಂದರೆ ಬಿಡು.

ವೈಲ್ಡ್‌ಕಾರ್ಡ್ ಮಾಸ್ಕಿನ ಕಾನೂನು ಇಷ್ಟೇ. ಮಾಸ್ಕ್ ಕೂಡ 32 ಕವಡೆಗಳೇ. ವಿಳಾಸದ ಒಂದೊಂದು ಕವಡೆಯ ತಲೆಯ ಮೇಲೂ ಮಾಸ್ಕಿನ ಒಂದೊಂದು ಕವಡೆ ಕೂರುತ್ತದೆ. ಮೇಲಿನದು ಸೊನ್ನೆಯಾದರೆ ಕೆಳಗಿನದು ಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು, ಕೂದಲೆಳೆಯಷ್ಟೂ ವ್ಯತ್ಯಾಸ ಸಲ್ಲ. ಮೇಲಿನದು ಒಂದಾದರೆ ಕೆಳಗಿನದು ಏನಾದರೂ ಆಗಿರಲಿ. ಹೆಸರು ಇಸ್ಪೀಟಿನಿಂದ ಬಂದದ್ದು. ರಮ್ಮಿ ಆಟದಲ್ಲಿ ಜೋಕರ್ ಯಾವ ಎಲೆಯ ಜಾಗಕ್ಕೂ ಕೂರುತ್ತದಲ್ಲ, ಹಾಗೆ ಮಾಸ್ಕಿನಲ್ಲಿ ಒಂದು ಇರುವ ಕಡೆಯೆಲ್ಲ ಜೋಕರ್ ಬಿದ್ದಿದೆ ಅಂತ ಅರ್ಥ.

192.168.10.0 ಅಂತ ಬರೆದು ಪಕ್ಕದಲ್ಲಿ 0.0.0.255 ಅಂತ ಬರೆದರೆ? ಮೊದಲ ಮೂರು ಸಾಲು ಕವಡೆ ಪೂರ್ತಿ ನೋಡು, ನಾಲ್ಕನೆಯ ಸಾಲನ್ನು ಪೂರ್ತಿ ಬಿಡು. 192.168.10ರಿಂದ ಶುರುವಾಗುವ 256 ವಿಳಾಸವೂ ಒಳಗೆ. ಮಾಸ್ಕ್ 0.0.0.0 ಆದರೆ ಒಂದೇ ಒಂದು ಯಂತ್ರ. ಅದಕ್ಕೆ ಹೋಸ್ಟ್ ಅಂತ ಚಿಕ್ಕ ಹೆಸರು. ಮಾಸ್ಕ್ 255.255.255.255 ಆದರೆ ಏನನ್ನೂ ನೋಡಬೇಡ, ಇಡೀ ಲೋಕ ಬರಲಿ. ಅದಕ್ಕೆ ಎನಿ ಅಂತ ಹೆಸರು.

ಗೊಂದಲ ಶುರುವಾಗುವುದು ಇಲ್ಲಿ. ಇದೇ ರೂಟರಿನಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಮಾಸ್ಕ್ ಇದೆ, ಸಬ್‌ನೆಟ್ ಮಾಸ್ಕ್. 1985ರ ಆರ್‌ಎಫ್‌ಸಿ 950ರಲ್ಲಿ ಬಂದದ್ದು. ಮನೆಯ ಕಂಪ್ಯೂಟರಿನಲ್ಲೂ 255.255.255.0 ಅಂತ ನೀವು ನೋಡಿರಬಹುದು, ಅದೇ ಇದು. ಅದರಲ್ಲಿ ಒಂದು ಅಂದರೆ ಜಾಲದ ಭಾಗ, ಸೊನ್ನೆ ಅಂದರೆ ಯಂತ್ರದ ಭಾಗ. ವೈಲ್ಡ್‌ಕಾರ್ಡ್ ಇದಕ್ಕೆ ಸರಿಯಾಗಿ ಬೋರಲು. ಇಂಟರ್‌ಫೇಸಿಗೆ, ಅಂದರೆ ರೂಟರಿನಲ್ಲಿ ತಂತಿ ಸೇರುವ ಬಾಯಿಗೆ, ವಿಳಾಸ ಕೊಡುವಾಗ 255.255.255.0 ಅಂತ ಟೈಪು ಮಾಡಿದ ಕೈ, ಎರಡು ನಿಮಿಷ ಬಿಟ್ಟು ಅದೇ ಪರದೆಯಲ್ಲಿ ಪಟ್ಟಿ ಬರೆಯುವಾಗ 0.0.0.255 ಅಂತ ಟೈಪು ಮಾಡಬೇಕು. ಕೈಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಇದು ಮುಖ್ಯವಾಗಿ ಸಿಸ್ಕೊ ರೂಟರುಗಳ ಪದ್ಧತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದ ಲೆನರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ಎಂಬ ದಂಪತಿ 1984ರಲ್ಲಿ ಕಟ್ಟಿದ ಕಂಪನಿ ಅದು. ಈಗ ನಮ್ಮ ಬೆಂಗಳೂರಿನ ಕಾಡುಬೀಸನಹಳ್ಳಿಯಲ್ಲೂ ಅವರ ದೊಡ್ಡ ಆವರಣ ಇದೆ. ನಮ್ಮ ಕಾಲೇಜುಗಳ ನೆಟ್‌ವರ್ಕ್ ಲ್ಯಾಬಿನಲ್ಲಿ ಕಲಿಸುವುದೂ ಬಹುಪಾಲು ಅವರ ಭಾಷೆಯನ್ನೇ. ಹಾಗಾಗಿ ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಈ ಬೋರಲು ಲೆಕ್ಕ ತಪ್ಪಿದ್ದಲ್ಲ.

ಮಕ್ಕಳಿಗೆ ಹೇಳಿಕೊಡುವ ಸೂತ್ರ ಸುಲಭದ್ದು. ಸಬ್‌ನೆಟ್ ಮಾಸ್ಕಿನ ಒಂದೊಂದು ಸಂಖ್ಯೆಯನ್ನೂ 255ರಿಂದ ಕಳೆ, ವೈಲ್ಡ್‌ಕಾರ್ಡ್ ಬರುತ್ತದೆ. 255.255.255.192 ಇದ್ದರೆ 0.0.0.63. ಸರಿಯಾದ ಸೂತ್ರವೇ. ಆದರೆ ಯಾಕೆ ಅಂತ ತಿಳಿಯದೆ ಕಳೆದವರು ಯಾವತ್ತೋ ಒಂದು ದಿನ ಕಳೆಯುವುದನ್ನೇ ಮರೆಯುತ್ತಾರೆ. ನನಗೆ ಹಿಡಿಸಿದ್ದು ಅಜ್ಜಿಯ ಕಾಲದ ಅರ್ಧ, ಕಾಲು, ವೀಸದ ಲೆಕ್ಕ.

256ನ್ನು ಒಂದು ರೂಪಾಯಿ ಅಂದುಕೊಳ್ಳಿ. ಅದರ ಅರ್ಧ 128. ಕಾಲು 64. ಅರೆಕಾಲು 32. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು, 16. ಅರೆವೀಸ 8. ಹೀಗೇ ಮುರಿಯುತ್ತ ಹೋದರೆ 4, 2, 1. ಯಂತ್ರ ಯಾವಾಗಲೂ ಎರಡರಿಂದಲೇ ಮುರಿಯುತ್ತದೆ, ನಮ್ಮ ಹಳೆಯ ಅಂಗಡಿಯವರೂ ಎರಡರಿಂದಲೇ ಮುರಿಯುತ್ತಿದ್ದರು. ನಿಮಗೆ ಎಷ್ಟು ಪಾಲು ವಿಳಾಸ ಬೇಕೋ ಅದರಲ್ಲಿ ಒಂದು ಕಳೆಯಿರಿ, ಅದೇ ವೈಲ್ಡ್‌ಕಾರ್ಡ್. ಕಾಲು ಪಾಲು ಬೇಕೆ, 64ರಲ್ಲಿ ಒಂದು ಹೋದರೆ 63. ವೀಸ ಬೇಕೆ, 15. ಒಂದು ಯಾಕೆ ಕಳೆಯಬೇಕು ಅಂದರೆ ಎಣಿಕೆ ಸೊನ್ನೆಯಿಂದ ಶುರು; ಸೊನ್ನೆಯಿಂದ 63ರ ತನಕ ಎಣಿಸಿದರೆ 64 ವಿಳಾಸ ಆಯಿತು.

ನಿಜವೇ ಅಂತ ಕವಡೆ ಹಾಕಿ ನೋಡೋಣ. 63 ಅಂದರೆ ಎಡದ ಎರಡು ಕವಡೆ ಬೋರಲು, ಉಳಿದ ಆರು ಅಂಗಾತ: 00111111. ಎರಡನ್ನು ನೋಡು, ಆರನ್ನು ಬಿಡು. ಪಟ್ಟಿಯಲ್ಲಿ 192.168.10.0 ಇದೆ. 37ನೆಯ ಯಂತ್ರದಿಂದ ಪ್ಯಾಕೆಟ್ ಬಂತು. 37 ಅಂದರೆ 00100101. ಎಡದ ಎರಡೂ ಸೊನ್ನೆ, ಹೊಂದಿತು. 70ರಿಂದ ಇನ್ನೊಂದು ಬಂತು. 70 ಅಂದರೆ 01000110. ಎರಡನೆಯ ಕವಡೆ ಅಂಗಾತ ಬಿದ್ದಿದೆ, ಹೊಂದಲಿಲ್ಲ, ಮುಂದಿನ ಸಾಲು ನೋಡು. ಯಂತ್ರ ಇದಕ್ಕಿಂತ ಹೆಚ್ಚು ಏನೂ ಯೋಚಿಸುವುದಿಲ್ಲ.

ಒಂದೇ ಎಚ್ಚರಿಕೆ ಬೇಕು. ಪಾಲು ಎಲ್ಲಿಂದ ಬೇಕಾದರೂ ಶುರುವಾಗುವುದಿಲ್ಲ. ವೀಸದ ಪಾಲು 0, 16, 32, 48 ಹೀಗೆ ಹದಿನಾರರ ಮಗ್ಗಿಯಲ್ಲೇ ಶುರುವಾಗಬೇಕು. ನೀವು 192.168.1.20 ಅಂತ ಬರೆದು ಪಕ್ಕದಲ್ಲಿ 0.0.0.15 ಅಂತ ಕೊಟ್ಟರೆ ರೂಟರ್ ಬೈಯುವುದಿಲ್ಲ. ತಾನೇ ತಿದ್ದಿ 192.168.1.16 ಅಂತ ಬರೆದುಕೊಳ್ಳುತ್ತದೆ. ನೀವು 20ರಿಂದ 35ರ ತನಕ ಅಂದುಕೊಂಡಿರುತ್ತೀರಿ, ಅದು 16ರಿಂದ 31ರ ತನಕ ಕಾಯುತ್ತಿರುತ್ತದೆ.

ಈ ವೀಸದ ಲೆಕ್ಕಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ಇದೆ. 1996ರ ಆರ್‌ಎಫ್‌ಸಿ 1918 ಮೂರು ವಿಳಾಸ ಸಮೂಹಗಳನ್ನು ಖಾಸಗಿ ಬಳಕೆಗೆ ಅಂತ ಎತ್ತಿಟ್ಟಿತು. 10ರಿಂದ ಶುರುವಾಗುವುದೆಲ್ಲ ಒಂದು, 192.168ರಿಂದ ಶುರುವಾಗುವುದು ಇನ್ನೊಂದು, ನಡುವಿನದು 172.16ರಿಂದ 172.31ರ ತನಕ. ಇವು ಮನೆಯೊಳಗಿನ ವಿಳಾಸಗಳು, ಇಂಟರ್‌ನೆಟ್ಟಿನ ಬೀದಿಯಿಂದ ಇಂಥ ವಿಳಾಸ ಹೊತ್ತು ಪ್ಯಾಕೆಟ್ ಬಂದರೆ ಅದು ಸುಳ್ಳು ಫಲಕದ ಗಾಡಿ. ಹಾಗಾಗಿ ಹೊರಬಾಗಿಲಿನ ಪಟ್ಟಿಯಲ್ಲಿ ಈ ಮೂರನ್ನೂ ತಡೆಯುವುದು ರೂಢಿ. ಮೊದಲನೆಯದಕ್ಕೆ ಮಾಸ್ಕ್ 0.255.255.255, ಕೊನೆಯದಕ್ಕೆ 0.0.255.255. ನಡುವಿನದಕ್ಕೆ? ಎರಡನೆಯ ಸಂಖ್ಯೆ 16ರಿಂದ 31, ಹದಿನಾರು ಬಗೆ, ಅಂದರೆ ಒಂದು ವೀಸ. ವೀಸದಲ್ಲಿ ಒಂದು ಕಳೆದರೆ 15. ಮಾಸ್ಕ್ 0.15.255.255. ಸಂದರ್ಶನಗಳಲ್ಲಿ ಈ ಪ್ರಶ್ನೆಗೆ ತಡವರಿಸಿದ ಇಂಜಿನಿಯರುಗಳನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಪಟ್ಟಿಯ ನಡವಳಿಕೆ. ರೂಟರ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ಸಾಲೇ ಕೊನೆಯ ಮಾತು, ಕೆಳಗಿನದನ್ನು ಓದುವುದೇ ಇಲ್ಲ. ಪರ್ಮಿಟ್ ಅಂದರೆ ಹೋಗಲು ಬಿಡು, ಡಿನೈ ಅಂದರೆ ತಡೆ. ಯಾವ ಸಾಲೂ ಹೊಂದದೆ ಪಟ್ಟಿಯ ತಳ ಮುಟ್ಟಿದರೆ ಅಲ್ಲಿ ನಾವು ಬರೆಯದ, ಪರದೆಯ ಮೇಲೂ ಕಾಣದ ಒಂದು ಸಾಲಿದೆ: ಉಳಿದವರನ್ನೆಲ್ಲ ತಡೆ. 1ರಿಂದ 99ರ ತನಕದ ಸಂಖ್ಯೆ ಹೊತ್ತ ಪಟ್ಟಿ ಎಲ್ಲಿಂದ ಬಂದೆ ಅಂತ ಮಾತ್ರ ಕೇಳುತ್ತದೆ. 100ರಿಂದ 199ರ ತನಕದ್ದು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಯಾವ ಕೆಲಸಕ್ಕೆ ಅಂತ ಎಲ್ಲ ವಿಚಾರಿಸುತ್ತದೆ. ಅಷ್ಟು ಸಾಕು. ನನ್ನ ಕಥೆಗೆ ಬರುತ್ತೇನೆ.

ಆಗ ನಾನು ಒಂದು ಸಹಕಾರಿ ಸಂಸ್ಥೆಯ ಜಾಲ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ. ಊರೂರಿಗೆ ಶಾಖೆ, ಶಾಖೆಗೊಂದು ರೂಟರ್. ನಾನು ಕೇಂದ್ರ ಕಚೇರಿಯಲ್ಲಿ ಕೂತು ದೂರದಿಂದಲೇ ಎಲ್ಲ ರೂಟರುಗಳ ಒಳಹೊಕ್ಕು ಕೆಲಸ ಮಾಡುತ್ತಿದ್ದೆ. ಒಂದು ಮಳೆಗಾಲದ ಸಂಜೆ ಮಲೆನಾಡಿನ ಶಾಖೆಯೊಂದರ ರೂಟರಿಗೆ ಕಾವಲು ಹಾಕಲು ಕೂತೆ. ನಮ್ಮ ಕೋಣೆಯ ಯಂತ್ರಗಳು ಮಾತ್ರ ಅದರ ಒಳಹೊಗಬೇಕು, ಬೇರೆಯವರು ಹೊಗಕೂಡದು. ನಮ್ಮ ಕೋಣೆಯ ವಿಳಾಸ 10.20.5ರಿಂದ ಶುರು. ಒಂದೇ ಸಾಲಿನ ಪಟ್ಟಿ. ಪರ್ಮಿಟ್ 10.20.5.0 ಅಂತ ಬರೆದು ಪಕ್ಕದಲ್ಲಿ 255.255.255.0 ಅಂತ ಟೈಪು ಮಾಡಿದೆ. ಬೆಳಗ್ಗೆಯಿಂದ ಇಂಟರ್‌ಫೇಸುಗಳಿಗೆ ವಿಳಾಸ ಕೊಟ್ಟು ಕೊಟ್ಟು ಕೈ ಅದನ್ನೇ ಕಲಿತಿತ್ತು. ರೂಟರ್ ತುಟಿಪಿಟಿಕ್ಕೆನ್ನಲಿಲ್ಲ. ನಾನು ಆಗಲೇ ಒಳಗಿದ್ದುದರಿಂದ ನನ್ನ ಸಂಪರ್ಕವೂ ಕಡಿಯಲಿಲ್ಲ. ಎಲ್ಲ ಸರಿ ಅಂತ ಹೊರಬಂದೆ. ಒಮ್ಮೆ ಪರೀಕ್ಷಿಸೋಣ ಅಂತ ಮತ್ತೆ ಒಳಹೋಗಲು ನೋಡಿದರೆ ಬಾಗಿಲು ಮುಚ್ಚಿದೆ.

ಆಗಿದ್ದೇನು ಅಂತ ನೀವೇ ಈಗ ಹೇಳಬಲ್ಲಿರಿ. ಒಂದು ಅಂದರೆ ಬಿಡು. ಮೊದಲ ಮೂರು ಜಾಗದಲ್ಲಿ 255, ಅಂದರೆ ಎಲ್ಲ ಕವಡೆ ಒಂದು, 10.20.5 ಅನ್ನುವುದನ್ನೇ ನೋಡಬೇಡ ಅಂದ ಹಾಗಾಯಿತು. ನಾಲ್ಕನೆಯ ಜಾಗದಲ್ಲಿ ಸೊನ್ನೆ. ಅದು ಸೊನ್ನೆಯೇ ಆಗಿರಬೇಕು ಅಂದ ಹಾಗಾಯಿತು. ಲೋಕದ ಯಾವ ಮೂಲೆಯಿಂದಲಾದರೂ ಬಾ, ಆದರೆ ನಿನ್ನ ವಿಳಾಸದ ಕೊನೆ ಸೊನ್ನೆಯಾಗಿರಲಿ! ನನ್ನ ಯಂತ್ರದ ವಿಳಾಸದ ಕೊನೆಯಲ್ಲಿ 17 ಇತ್ತು. ಸಾಮಾನ್ಯ ಜಾಲಗಳಲ್ಲಿ ಸೊನ್ನೆಯಲ್ಲಿ ಕೊನೆಯಾಗುವ ವಿಳಾಸವನ್ನು ಯಂತ್ರಗಳಿಗೆ ಕೊಡುವುದೇ ಇಲ್ಲ, ಅದು ಜಾಲದ ಹೆಸರು. ಹಾಗಾಗಿ ನಾನಷ್ಟೇ ಅಲ್ಲ, ಯಾರೂ ಒಳಹೊಗುವಂತಿರಲಿಲ್ಲ. ಕಾವಲು ಅಂದರೆ ಕಾವಲು.

ನನ್ನ ಪುಣ್ಯಕ್ಕೆ ನಮ್ಮ ಹಿರಿಯರೊಬ್ಬರು ಕಲಿಸಿದ್ದ ಒಂದು ಅಭ್ಯಾಸ ಕೈಬಿಟ್ಟಿರಲಿಲ್ಲ. ಹೊರಬಂದು ಮತ್ತೆ ಒಳಹೊಕ್ಕು ನೋಡುವ ತನಕ ಬದಲಾವಣೆಯನ್ನು ಶಾಶ್ವತವಾಗಿ ಉಳಿಸಬಾರದು ಅನ್ನುತ್ತಿದ್ದರು ಅವರು. ಉಳಿಸದಿದ್ದರೆ ರೂಟರ್ ಆರಿಸಿ ಹೊತ್ತಿಸಿದಾಗ ಹಳೆಯದೇ ಬರುತ್ತದೆ. ಶಾಖೆಗೆ ಫೋನು ಮಾಡಿದೆ. ಬಾಗಿಲು ಹಾಕಿಕೊಂಡು ಹೊರಟಿದ್ದ ಅಟೆಂಡರ್ ಎತ್ತಿದರು.

“ಅಣ್ಣಾ, ಮೂಲೇಲಿ ಹಸಿರು ದೀಪದ ಡಬ್ಬಿ ಇದೆಯಲ್ಲ, ಅದರ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕ್ತೀರಾ?”

“ಸಾರ್, ಮೂರು ಡಬ್ಬಿಗೆ ಹಸಿರು ದೀಪ ಇದೆ. ಯಾವುದು?”

“ಮೂರನ್ನೂ ಆರಿಸಿಬಿಡಿ.”

ಹತ್ತು ನಿಮಿಷದಲ್ಲಿ ನಾನು ಒಳಗಿದ್ದೆ. ಈ ಸಲ 0.0.0.255 ಅಂತ ಬರೆದೆ.

ಇಷ್ಟೇ ಆಗಿದ್ದರೆ ಇದನ್ನು ರೇಡಿಯೊದಲ್ಲಿ ಹೇಳಲು ಬರುತ್ತಿರಲಿಲ್ಲ. ಕೈತಪ್ಪು ಯಾರಿಗಿಲ್ಲ? ಆದರೆ ನಾಚಿಕೆಗೆ ಮರುವಾರ ಎಲ್ಲ ರೂಟರುಗಳ ಪಟ್ಟಿಯನ್ನೂ ಒಂದೊಂದಾಗಿ ತೆರೆದು ನೋಡಿದೆ. ಕೇಂದ್ರ ಕಚೇರಿಯ ರೂಟರಿನಲ್ಲಿ, ನಾನು ಕೆಲಸಕ್ಕೆ ಸೇರುವ ಮುಂಚೆಯೇ ಯಾರೋ ಬರೆದ ಎರಡು ಸಾಲು ಸಿಕ್ಕಿತು. ಹೊರಗಿನಿಂದ ಬಂದವರಿಗೆ ಕೊಡುವ ಜಾಲ 10.20.90ರಿಂದ ಶುರು. ಅಲ್ಲಿಂದ ಸರ್ವರಿನ ಕಡೆಗೆ ಯಾರೂ ಬರಕೂಡದು ಅಂತ ಬರೆದವರ ಉದ್ದೇಶ. ಅವರು ಟೈಪು ಮಾಡಿದ ಮೊದಲ ಸಾಲು ಹೀಗಿದ್ದಿರಬೇಕು: ಡಿನೈ 10.20.90.0, ಮಾಸ್ಕ್ 255.255.255.0. ಎರಡನೆಯ ಸಾಲು: ಪರ್ಮಿಟ್ ಎನಿ.

ಪರದೆಯ ಮೇಲೆ ಆ ಮೊದಲ ಸಾಲು ಕಾಣಿಸಿದ್ದು ಡಿನೈ 0.0.0.0, ವೈಲ್ಡ್‌ಕಾರ್ಡ್ ಬಿಟ್ಸ್ 255.255.255.0 ಅಂತ. ನೋಡಬೇಡ ಅಂದ ಜಾಗವನ್ನೆಲ್ಲ ರೂಟರ್ ತಾನೇ ಸೊನ್ನೆ ಮಾಡಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಮೂಲ ವಿಳಾಸ ಏನಿತ್ತು ಅನ್ನುವ ಗುರುತೂ ಉಳಿದಿರಲಿಲ್ಲ. ಪಕ್ಕದ ಟಿಪ್ಪಣಿಯಿಂದ ಉದ್ದೇಶ ತಿಳಿಯಿತು. ತಪ್ಪು ನನ್ನದೇ ತಪ್ಪು, ಅದೇ ಬೋರಲು. ಆದರೆ ನನ್ನದು ಪರ್ಮಿಟ್ ಸಾಲಿನಲ್ಲಿ ಆಗಿತ್ತು, ಇದು ಡಿನೈ ಸಾಲಿನಲ್ಲಿ. ನನ್ನ ತಪ್ಪಿನಿಂದ ಬಾಗಿಲು ಮುಚ್ಚಿತು, ಐದು ನಿಮಿಷದಲ್ಲಿ ಗೊತ್ತಾಯಿತು. ಇವರ ತಪ್ಪಿನಿಂದ ತಡೆಯುವ ಸಾಲು ಯಾರನ್ನೂ ತಡೆಯಲಿಲ್ಲ, ಕೆಳಗಿನ ಪರ್ಮಿಟ್ ಎನಿ ಎಲ್ಲರನ್ನೂ ಬಿಟ್ಟಿತು. ಎಲ್ಲ ಕೆಲಸ ಸುಸೂತ್ರ ನಡೆಯುತ್ತಿತ್ತು. ಯಾರು ಯಾಕೆ ಫೋನು ಮಾಡುತ್ತಾರೆ? ಸರ್ವರಿನ ಬಾಗಿಲು ಅಷ್ಟೂ ವರ್ಷ ಹಾರುಹೊಡೆದಿತ್ತು, ಪಟ್ಟಿಯಲ್ಲಿ ಮಾತ್ರ ಬೀಗ ಇತ್ತು.

ಬಿಡುವ ಸಾಲಿನಲ್ಲಿ ಮಾಸ್ಕ್ ತಪ್ಪಿದರೆ ಊರೆಲ್ಲ ಕೂಗುತ್ತದೆ. ತಡೆಯುವ ಸಾಲಿನಲ್ಲಿ ತಪ್ಪಿದರೆ ಒಬ್ಬರೂ ಉಸಿರೆತ್ತುವುದಿಲ್ಲ. ನಾನು ಈ ಭಾಷಣ ಒಪ್ಪಿಕೊಂಡದ್ದೇ ಈ ಮಾತಿಗಾಗಿ.

ಹಾಗಿದ್ದರೆ ಈ ಬೋರಲು ಮಾಸ್ಕಿನ ಗೊಡವೆ ಯಾಕೆ, ಸಬ್‌ನೆಟ್ ಮಾಸ್ಕನ್ನೇ ಇಲ್ಲೂ ಬಳಸಬಹುದಿತ್ತಲ್ಲ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೋರಲು ಮಾಡಿದ್ದರಿಂದ ಏನೂ ಹೆಚ್ಚಿನ ಲಾಭ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ವೈಲ್ಡ್‌ಕಾರ್ಡಿಗೆ ಇರುವ ಒಂದು ಸ್ವಾತಂತ್ರ್ಯ ಸಬ್‌ನೆಟ್ ಮಾಸ್ಕಿಗೆ ಇಲ್ಲ. ಸಬ್‌ನೆಟ್ ಮಾಸ್ಕಿನಲ್ಲಿ ಒಂದುಗಳೆಲ್ಲ ಎಡಕ್ಕೆ, ಸೊನ್ನೆಗಳೆಲ್ಲ ಬಲಕ್ಕೆ, ನಡುವೆ ಬೆರಕೆ ಇಲ್ಲ. ವೈಲ್ಡ್‌ಕಾರ್ಡಿನಲ್ಲಿ ಸೊನ್ನೆ, ಒಂದು ಹೇಗೆ ಬೇಕಾದರೂ ಬೆರೆತಿರಬಹುದು.

2016ರ ಜನವರಿ ಮೊದಲ ಹದಿನೈದು ದಿನ ದೆಹಲಿಯಲ್ಲಿ ಸಮ ಬೆಸ ಯೋಜನೆ ನಡೆಯಿತಲ್ಲ, ನೆನಪಿದೆಯೆ? ಬೆಸ ದಿನ ಬೆಸ ಸಂಖ್ಯೆಯ ಕಾರು, ಸಮ ದಿನ ಸಮ ಸಂಖ್ಯೆಯ ಕಾರು. ಅಲ್ಲಿನ ಪೊಲೀಸರು ಫಲಕದ ಉಳಿದ ಅಕ್ಷರಗಳನ್ನೆಲ್ಲ ಬಿಟ್ಟು ಕೊನೆಯ ಅಂಕಿ ಮಾತ್ರ ನೋಡಿದರು. ರೂಟರಿನಲ್ಲಿ ಅದನ್ನೇ ಮಾಡುವ ಮಾಸ್ಕ್ 0.0.0.254. ಕೊನೆಯ ಸಾಲಿನ ಏಳು ಕವಡೆ ಬಿಡು, ಎಂಟನೆಯದನ್ನು ಮಾತ್ರ ನೋಡು. ಆ ಕವಡೆಯ ಬೆಲೆ 1. ಅದು ಬೋರಲಾದರೆ ಸಂಖ್ಯೆ ಸಮ, ಅಂಗಾತವಾದರೆ ಬೆಸ. 192.168.1.0 ಜೊತೆ ಕೊಟ್ಟರೆ ಸಮ ಸಂಖ್ಯೆಯ ಯಂತ್ರಗಳೆಲ್ಲ ಹೊಂದುತ್ತವೆ, 192.168.1.1 ಜೊತೆ ಕೊಟ್ಟರೆ ಬೆಸ ಸಂಖ್ಯೆಯವೆಲ್ಲ. ಒಂದೇ ಕಚೇರಿಗೆ ಎರಡು ಇಂಟರ್‌ನೆಟ್ ಸಂಪರ್ಕ ಇದ್ದಾಗ ಹೊರೆ ಹಂಚಲು ಇದನ್ನು ಬಳಸುವವರಿದ್ದಾರೆ.

ನಾನು ನಿಜವಾಗಿ ಮೆಚ್ಚಿದ್ದು ಇನ್ನೊಂದನ್ನು. ನಮ್ಮ ಶಾಖೆಗಳ ವಿಳಾಸದಲ್ಲಿ ಮೂರನೆಯ ಸಂಖ್ಯೆ ಶಾಖೆಯದು, ನಾಲ್ಕನೆಯದು ಯಂತ್ರದ್ದು. ಪ್ರತಿ ಶಾಖೆಯಲ್ಲೂ ಕ್ಯಾಮೆರಾ ಪೆಟ್ಟಿಗೆಗೆ 50 ಅಂತಲೇ ಗೊತ್ತು ಮಾಡಿದ್ದೆವು. ಹಾಗಾಗಿ 12ನೆಯ ಶಾಖೆಯ ಕ್ಯಾಮೆರಾ 10.20.12.50, 31ನೆಯದರದು 10.20.31.50. ಎಲ್ಲ ಶಾಖೆಯ ಕ್ಯಾಮೆರಾಗಳಿಗೂ ಒಂದೇ ಸಾಲು ಸಾಕಾಯಿತು: 10.20.0.50, ಮಾಸ್ಕ್ 0.0.255.0. ಮೂರನೆಯದನ್ನು ಬಿಡು, ಉಳಿದ ಮೂರನ್ನು ನೋಡು. ಹೊಸ ಶಾಖೆ ತೆರೆದಾಗ ಪಟ್ಟಿ ಮುಟ್ಟುವ ಕೆಲಸವೇ ಇರಲಿಲ್ಲ. ಮನೆ ಕಟ್ಟುವಾಗಲೇ ಬಾಗಿಲುಗಳನ್ನು ಒಂದೇ ಸಾಲಿಗೆ ಇಟ್ಟ ಹಾಗೆ. ವಿಳಾಸ ಹಂಚುವಾಗ ಶಿಸ್ತು ಇದ್ದರೆ ಮಾತ್ರ ಈ ಸುಖ.

ದೊಡ್ಡ ರೂಟರು, ಸ್ವಿಚ್ಚುಗಳ ಒಳಗೆ ಈ ನೋಡು-ಬಿಡು ಲೆಕ್ಕಕ್ಕೆಂದೇ ಮಾಡಿದ ಟಿಕ್ಯಾಮ್ ಎಂಬ ಮೆಮೊರಿ ಇದೆ. ಸಾಮಾನ್ಯ ಮೆಮೊರಿಯ ಕೋಶದಲ್ಲಿ ಸೊನ್ನೆ ಇಲ್ಲವೇ ಒಂದು. ಇದರಲ್ಲಿ ಮೂರನೆಯದೊಂದು ಸ್ಥಿತಿ ಇದೆ: ಏನಾದರೂ ಸರಿ. ಜೋಕರನ್ನೇ ಸಿಲಿಕಾನಿನಲ್ಲಿ ಕೆತ್ತಿ ಇಟ್ಟಿದ್ದಾರೆ. ಪಟ್ಟಿಯ ಸಾಲುಗಳನ್ನೆಲ್ಲ ಒಂದೇ ಏಟಿಗೆ ಹೋಲಿಸಿ, ಹೊಂದಿದವುಗಳಲ್ಲಿ ಮೇಲಿನದನ್ನು ಅದು ಎತ್ತಿಕೊಡುತ್ತದೆ.

ಈ ಸ್ವಾತಂತ್ರ್ಯವೇ ಹೊಸಬರನ್ನು ಹಳ್ಳಕ್ಕೂ ಬೀಳಿಸುತ್ತದೆ. 10ರಿಂದ 20ರ ತನಕದ ಹನ್ನೊಂದು ಯಂತ್ರಗಳನ್ನು ಬಿಡಬೇಕು ಅಂತ ಹೇಳಿದರೆ ಹುಡುಗರು 192.168.1.10 ಬರೆದು ಪಕ್ಕದಲ್ಲಿ 0.0.0.10 ಅಂತ ಬರೆಯುತ್ತಾರೆ. ಹತ್ತರಿಂದ ಮುಂದೆ ಹತ್ತು ಅಂತ ಅವರ ಲೆಕ್ಕ. ರೂಟರ್ ಹಾಗೆ ಓದುವುದಿಲ್ಲ. ಮಾಸ್ಕಿನ 10 ಅಂದರೆ 00001010. ಬೆಲೆ 8ರ ಕವಡೆ ಮತ್ತು ಬೆಲೆ 2ರ ಕವಡೆ, ಇವೆರಡನ್ನು ಬಿಡು, ಉಳಿದವನ್ನು ನೋಡು. ಹಾಗಾಗಿ ಹೊಂದುವುದು 0, 2, 8, 10, ಈ ನಾಲ್ಕೇ. ಹನ್ನೊಂದರಲ್ಲಿ ಸಿಕ್ಕಿದ್ದು ಒಂದು. ಕೇಳದೇ ಬಂದದ್ದು ಮೂರು.

ಸರಿಯಾದದ್ದು ನಾಲ್ಕು ಸಾಲು. 10ಕ್ಕೆ ಮಾಸ್ಕ್ 1 ಕೊಟ್ಟರೆ 10, 11. 12ಕ್ಕೆ ಮಾಸ್ಕ್ 3 ಕೊಟ್ಟರೆ 12ರಿಂದ 15. 16ಕ್ಕೂ 3 ಕೊಟ್ಟರೆ 16ರಿಂದ 19. ಕೊನೆಗೆ 20 ಒಂಟಿ, ಅದಕ್ಕೆ ಸೊನ್ನೆ. ನಾಲ್ಕು ಸಾಲು ಬರೆಯಲು ಬೇಸರ ಅಂತ 192.168.1.0 ಬರೆದು 0.0.0.31 ಕೊಟ್ಟು ಒಂದೇ ಸಾಲಿನಲ್ಲಿ ಮುಗಿಸುವವರೂ ಇದ್ದಾರೆ. ಆಗ ಒಳಬರುವುದು 32 ವಿಳಾಸ. ಬೇಕಾದದ್ದು ಹನ್ನೊಂದು, ಬೇಡದ್ದು ಇಪ್ಪತ್ತೊಂದು. ಮದುವೆ ಮನೆಯಲ್ಲಾದರೆ ಸರಿ, ಸರ್ವರಿನ ಕೋಣೆಗೆ ಸಲ್ಲದು.

ಈ ಲೆಕ್ಕ ಎಷ್ಟು ಕಾಲ ಬಾಳುತ್ತದೆ ಅಂತ ಕೆಲವರು ಕೇಳುತ್ತಾರೆ. ಹೊಸ ಐಪಿ ಆವೃತ್ತಿ 6ರಲ್ಲಿ ವಿಳಾಸ 128 ಬಿಟ್ಟಿನದು, ಅದರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎಡದಿಂದ ಎಷ್ಟು ಬಿಟ್ ನೋಡಬೇಕು ಅಂತ ಒಂದೇ ಸಂಖ್ಯೆ ಬರೆಯುತ್ತಾರೆ. ಅದೇ ಸಿಸ್ಕೊದ ಎಎಸ್‌ಎ ಫೈರ್‌ವಾಲ್ ಎಂಬ ಪೆಟ್ಟಿಗೆಯ ಪಟ್ಟಿಯಲ್ಲಿ ಸಬ್‌ನೆಟ್ ಮಾಸ್ಕನ್ನೇ ಬರೆಯಬೇಕು, ವೈಲ್ಡ್‌ಕಾರ್ಡ್ ಅಲ್ಲ. ಒಂದೇ ಕಂಪನಿ, ಒಂದೇ ಕೋಣೆ, ಅಕ್ಕಪಕ್ಕದ ಎರಡು ಪೆಟ್ಟಿಗೆ, ಒಂದಕ್ಕೊಂದು ಬೋರಲಾದ ಎರಡು ಪದ್ಧತಿ. ಫೈರ್‌ವಾಲಿನ ಪಟ್ಟಿಯನ್ನು ನಕಲು ಮಾಡಿ ರೂಟರಿಗೆ ಅಂಟಿಸಿದರೆ ಏನಾಗುತ್ತದೆ ಅಂತ ಈಗ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕೇಂದ್ರ ಕಚೇರಿಯ ಆ ಹಳೆಯ ಸಾಲು ಹುಟ್ಟಿದ್ದೂ ಹಾಗೇ ಇರಬೇಕು ಅಂತ ನನ್ನ ಗುಮಾನಿ.

ಈ ಕೆಲಸದಲ್ಲಿರುವ ಕಿರಿಯರಿಗೆ ಎರಡು ಮಾತು. ದೂರದ ರೂಟರಿಗೆ ಪಟ್ಟಿ ಹಾಕುವ ಮುಂಚೆ ರಿಲೋಡ್ ಇನ್ 10 ಅಂತ ಒಂದು ಆಜ್ಞೆ ಕೊಡಿ. ಹತ್ತು ನಿಮಿಷಕ್ಕೆ ರೂಟರ್ ತಾನೇ ಆರಿ ಹೊತ್ತಿಕೊಳ್ಳುತ್ತದೆ, ನೀವು ಹೊರಗೆ ಸಿಕ್ಕಿಬಿದ್ದರೂ ಹಳೆಯ ಸ್ಥಿತಿ ಮರಳುತ್ತದೆ. ಎಲ್ಲ ಸರಿಹೋದರೆ ರಿಲೋಡ್ ಕ್ಯಾನ್ಸಲ್ ಅಂತ ಬರೆದು ಆಮೇಲೆ ಉಳಿಸಿ. ಅಟೆಂಡರಿಗೆ ಫೋನು ಮಾಡಿ ಮೂರು ಡಬ್ಬಿ ಆರಿಸುವ ಪ್ರಮೇಯ ಬರುವುದಿಲ್ಲ. ಇದು ಗದ್ದಲ ಮಾಡುವ ತಪ್ಪಿಗೆ ಮದ್ದು.

ಗದ್ದಲ ಮಾಡದ ತಪ್ಪಿಗೆ ಬೇರೆ ಮದ್ದು. ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ರೂಟರಿನಲ್ಲಿ ಶೋ ಆಕ್ಸೆಸ್-ಲಿಸ್ಟ್ಸ್ ಅಂತ ಕೊಟ್ಟು ನೋಡಿ. ಪ್ರತಿ ಸಾಲಿನ ಮುಂದೆ ಎಷ್ಟು ಪ್ಯಾಕೆಟ್ ಹೊಂದಿದವು ಅನ್ನುವ ಎಣಿಕೆ ಇರುತ್ತದೆ. ಹಾರ್ಡ್‌ವೇರಿನಲ್ಲೇ ಸೋಸುವ ದೊಡ್ಡ ಸ್ವಿಚ್ಚುಗಳಲ್ಲಿ ಈ ಎಣಿಕೆ ಪೂರ್ತಿ ಸಿಗದಿರಬಹುದು, ಸಣ್ಣ ರೂಟರುಗಳಲ್ಲಿ ಸಿಗುತ್ತದೆ. ತಿಂಗಳುಗಟ್ಟಲೆ ನಿಂತಿದ್ದರೂ ಒಂದು ಪ್ಯಾಕೆಟ್ಟೂ ಹೊಂದದ ಡಿನೈ ಸಾಲು ಕಂಡರೆ ಅದರ ಬಾಲ ನೋಡಿ. ಅಲ್ಲಿ 255.255.255.0 ಅಂತ ಇದ್ದರೆ ಆ ಸಾಲು ಯಾರನ್ನೂ ತಡೆಯುತ್ತಿಲ್ಲ. ಅವತ್ತೇ ತಿದ್ದಿ.